ಪುಟ್ಟ ತಳಿಯ ನಾಯಿಮರಿಗೆ ರೊಟ್ಟಿ-ಹಾಲು ಸಾಲದು

ಜತ್ತ, ಅಕ್ಕಲಕೋಟೆಯ ಕಡೆಗೆ ಹೊಲ ಕಾಯುವ ನಾಯಿಗೆ ರೊಟ್ಟಿ-ಹಾಲು ಹಾಕುವುದು ರೂಢಿ. ಮನೆಯೊಳಗೆ ಸಾಕುವ ಪೊಮೆರೇನಿಯನ್‌ನಂಥ ಪುಟ್ಟ ತಳಿಯ ಮರಿಗೂ ಅಷ್ಟೇ ಸಾಕೆಂಬ ತಿಳಿವಳಿಕೆ ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಈ ಮರಿಯ ಹೊಟ್ಟೆ ಚಿಕ್ಕದು. ಮೈಯಲ್ಲಿ ಶಕ್ತಿಯ ಸಂಗ್ರಹವೂ ಕಡಿಮೆ. ಬಹಳ ಹೊತ್ತು ಉಪವಾಸ ಬಿದ್ದರೆ ರಕ್ತದ ಸಕ್ಕರೆ ಇಳಿದು ನಡುಗುತ್ತದೆ, ತೂರಾಡುತ್ತದೆ, ಸತ್ತರೂ ಸತ್ತೀತು. ಆದ್ದರಿಂದ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 4 ಸಲ, ಅನಂತರ ಆರು ತಿಂಗಳವರೆಗೆ 3 ಸಲ, ಸ್ವಲ್ಪ ಸ್ವಲ್ಪವೇ ಉಣಿಸಬೇಕು.

ಪೊಟ್ಟಣದ ಆಹಾರ ಕೊಳ್ಳುವವರು ಮೇಲಿನ ಚಿತ್ರಕ್ಕೆ ಮರುಳಾಗದೆ, ಬೆಳೆಯುವ ಮರಿಗೆ ಪೂರ್ಣ ಆಹಾರವೆಂದು ಬರೆದಿದೆಯೇ ಎಂಬುದನ್ನು ನೋಡಲಿ. ಅಮೆರಿಕದ ಮಾನದಂಡದಂತೆ, ನೀರಿನಂಶ ಕಳೆದು ನೂರಕ್ಕೆ 22.5 ಭಾಗವಾದರೂ ಪ್ರೋಟೀನು ಇರಬೇಕು. ಕಾಳು ಸಣ್ಣದಿರಲಿ. ಹೊಸ ಆಹಾರವನ್ನು ಹಳೆಯದರೊಡನೆ ಬೆರೆಸುತ್ತ 7 ದಿನಗಳಲ್ಲಿ ರೂಢಿ ಮಾಡಿಸಬೇಕು.

ನಮ್ಮದು ದ್ರಾಕ್ಷಿಯ ಸೀಮೆ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು. ಉಳ್ಳಾಗಡ್ಡಿ ರಕ್ತ ಕೆಡಿಸುತ್ತದೆ. ಪುಟ್ಟ ಮೈಗೆ ಸ್ವಲ್ಪವೇ ಸಾಕು, ಅಪಾಯ ತಪ್ಪಿದ್ದಲ್ಲ. ಮಕ್ಕಳಿಗೂ ಇದನ್ನು ತಿಳಿಸಿಡಬೇಕು.

ಮರಿ ಹಸಿದು ತೂರಾಡತೊಡಗಿದರೆ ಒಸಡಿಗೆ ತುಸು ಜೇನು ಸವರಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.