ಸುಲೋಚನೆಯ ಊರು

ಪ್ರೇತಕ್ಕೆ ಒಂದು ಊರಿನ ಹೆಸರು ಕೊಡುವವರು ಆ ಊರನ್ನೂ ಸ್ವಲ್ಪ ತೋರಿಸಬೇಕು ಎನ್ನುವುದು ನನ್ನ ಮೊದಲ ತಕರಾರು. 2025ರ ಜುಲೈಯಲ್ಲಿ ಬಂದ 'ಸು ಫ್ರಂ ಸೋ' ಸಿನಿಮಾವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿರುತ್ತೀರಿ. ಜೆ.ಪಿ. ತುಮಿನಾಡು ನಿರ್ದೇಶಿಸಿ ತಾವೇ ಮುಖ್ಯ ಪಾತ್ರ ಮಾಡಿದ ಚಿತ್ರ; ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ಕಡಿಮೆ ಖರ್ಚಿನಲ್ಲಿ ತೆಗೆದದ್ದು ನೂರು ಕೋಟಿ ದಾಟಿತು ಎಂದು ಪತ್ರಿಕೆಗಳಲ್ಲಿ ಬಂತು. ನಮ್ಮ ಕಡೆಯ ಹುಡುಗರು ದುಡ್ಡು ಮಾಡಿದರೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ 'ಸೋ' ಎಂದರೆ ಸೋಮೇಶ್ವರ ಎಂದು ಕೇಳಿ ಆಸೆಯಿಂದ ಪುತ್ತೂರಿನ ಮಾಲಿನ ಥಿಯೇಟರಿಗೆ ಹೋದವಳು ನಾನು. ನಾನು ಹುಡುಕಿದ ಸೋಮೇಶ್ವರ ಅಲ್ಲಿ ಸಿಗಲಿಲ್ಲ.

ಸೋಮೇಶ್ವರ ನನ್ನ ದೊಡ್ಡಮ್ಮನ ಊರು. ಬೇಸಿಗೆ ರಜೆ ಸಿಕ್ಕಿದ ಮರುದಿನವೇ ಪುತ್ತೂರಿನಿಂದ ಮಂಗಳೂರಿಗೆ, ಅಲ್ಲಿಂದ ಉಳ್ಳಾಲದ ದಾರಿಯ ಬಸ್ಸಿಗೆ. ಗುಡ್ಡದ ಮೇಲೆ ಸೋಮನಾಥ ದೇವಸ್ಥಾನ, ಕೆಳಗೆ ರುದ್ರಪಾದೆಯ ಬಂಡೆಗಳು, ಅವಕ್ಕೆ ಬಡಿದು ಮೇಲೇಳುವ ನೀರು. ಅಡಿಕೆ ತೋಟದ ನಡುವೆ ಬೆಳೆದ ನಮಗೆ ರಾತ್ರಿಯಿಡೀ ನಿಲ್ಲದ ಆ ಸದ್ದೇ ಒಂದು ಸೋಜಿಗ. "ಬಂಡೆಯಿಂದ ಆಚೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ" ಎಂದು ದೊಡ್ಡಮ್ಮ ಗದರುತ್ತಿದ್ದರು. ಎಷ್ಟೋ ಜನರನ್ನು ಎಳೆದುಕೊಂಡ ಕಡಲು ಅದು. ಸತ್ತವರ ಕ್ರಿಯೆಗೆಂದು ದೂರದಿಂದ ಬಂದವರು ಒದ್ದೆ ಬಟ್ಟೆಯಲ್ಲಿ ಗುಡ್ಡ ಹತ್ತುವುದನ್ನು ನೋಡಿ ನೋಡಿ ನಮಗೆ ಸಾವು ಎಂದರೆ ಮನೆಯ ಮಾತಾಗಿತ್ತು.

ಸಿನಿಮಾದವರಿಗೆ ಅರ್ಥವಾಗದಿರುವುದು ಇದೇ. ತುಳುವಿನಲ್ಲಿ ಭೂತ ಬೇರೆ, ಕುಲೆ ಬೇರೆ. ಕುಲೆ ಎಂದರೆ ನಮ್ಮದೇ ಮನೆಯಲ್ಲಿ ತೀರಿಕೊಂಡವರು. ಆಟಿ ತಿಂಗಳಿನಲ್ಲಿ ದೊಡ್ಡಮ್ಮ ಬಾಳೆ ಎಲೆ ಹಾಕಿ, ದೊಡ್ಡಪ್ಪನಿಗೆ ಪ್ರೀತಿಯ ಬಂಗುಡೆ ಗಸಿ ಬಡಿಸಿ, ಬಾಗಿಲು ಎಳೆದು ಹೊರಗೆ ಕೂರುತ್ತಿದ್ದರು. ಹೆದರಿಕೆಯಿಂದಲ್ಲ, ಉಣ್ಣುವವರಿಗೆ ಸಂಕೋಚವಾಗಬಾರದೆಂದು. 2024ರಲ್ಲಿ ನಮ್ಮ ಪುತ್ತೂರಿನ ಕುಟುಂಬವೊಂದು, ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ಪ್ರೇತ ಮದುವೆಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಊರೂರಿನವರು ನಕ್ಕರು. ನನಗೆ ನಗು ಬರಲಿಲ್ಲ ಮಾರಾಯ್ರೆ. ಬದುಕಿದ್ದರೆ ಇಷ್ಟು ಹೊತ್ತಿಗೆ ಮದುವೆಗೆ ಬರುತ್ತಿದ್ದಳು ಎಂದು ಮೂವತ್ತು ವರ್ಷ ಲೆಕ್ಕ ಇಟ್ಟವರು ಹೆತ್ತವರಲ್ಲದೆ ಇನ್ನು ಯಾರು? ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಸತ್ತ ಹೆಣ್ಣುಮಗುವಿಗೆ ಸೀರೆ ಬಳೆ ತರುವ ಊರಿನಲ್ಲಿ ಸತ್ತ ಹೆಂಗಸನ್ನು ತೋರಿಸಿ ಹೆದರಿಸುವುದು, ಇಲ್ಲವೇ ನಗಿಸುವುದು, ನನಗೆ ಸರಿ ಕಾಣುವುದಿಲ್ಲ.

ಅಷ್ಟಕ್ಕೂ ಕನ್ನಡ ಸಿನಿಮಾದಲ್ಲಿ ಪ್ರೇತವಾಗುವ ಕೆಲಸ ಹೆಂಗಸರಿಗೇ ಮೀಸಲು. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಅನಂತನಾಗ್ ಮೈಮೇಲೆ ಬಂದವಳು ಕಾಮಿನಿ. 2004ರ 'ಆಪ್ತಮಿತ್ರ'ದಲ್ಲಿ ನಾಗವಲ್ಲಿ. ಈಗ ಸುಲೋಚನ. ಇಲ್ಲಿಯಾದರೋ ಹುಡುಗಿಯೊಬ್ಬಳನ್ನು ಕದ್ದು ನೋಡಲು ಹೋಗಿ ಸಿಕ್ಕಿಬಿದ್ದ ಅಶೋಕ, ಮಾನ ಉಳಿಸಿಕೊಳ್ಳಲು ಮೈಮೇಲೆ ಬಂದವನಂತೆ ನಟಿಸುತ್ತಾನೆ. ತಪ್ಪು ಗಂಡಸಿನದು, ಹೆಸರು ಕೆಟ್ಟದ್ದು ಸತ್ತ ಹೆಂಗಸಿನದು! ಥಿಯೇಟರಿನಲ್ಲಿ ನನ್ನ ಪಕ್ಕದ ಹೆಂಗಸರೂ ಚಪ್ಪಾಳೆ ತಟ್ಟಿದರು. ಸುಲೋಚನೆಯ ಮಗಳು ಭಾನು ಬಂದ ಮೇಲೆ ಕಥೆಗೆ ಸ್ವಲ್ಪ ಜೀವ ಬಂತು, ಇಲ್ಲವೆನ್ನುವುದಿಲ್ಲ. ಅವಳ ಕಷ್ಟ ಊರಿಗೆ ಕೇಳಬೇಕಾದರೆ ಅವಳ ತಾಯಿಯ ಪ್ರೇತ ಬೇಕಾಯಿತು. "ಅಮ್ಮಾ, ಸಿನಿಮಾ ಹೇಳುವುದೂ ಅದನ್ನೇ ಅಲ್ವಾ" ಎಂದು ನನ್ನ ಮಗಳು ವಾದಿಸಿದಳು. ಇರಬಹುದು. ಆದರೆ ಜನ ಮನೆಗೆ ತಂದದ್ದು ಭಾನುವನ್ನಲ್ಲ, ಅಶೋಕನ ಕುಣಿತವನ್ನು.

ಇದನ್ನು ಸುಮ್ಮನೆ ಹೇಳುವುದಲ್ಲ. ಆ ಮಳೆಗಾಲದಲ್ಲಿ ನಮ್ಮ ಶಾಲೆಯಲ್ಲಿ ಬೆಳಗ್ಗಿನ ಪ್ರಾರ್ಥನೆಯ ಹೊತ್ತಿಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಲೆ ತಿರುಗಿ ಬಿದ್ದಳು. ಕಡಬದ ಕಡೆಯ ಒಳಗಿನ ಊರಿನಿಂದ ಬೆಳಗ್ಗೆ ಬೇಗ ಹೊರಟು, ಬರೀ ಚಾ ಕುಡಿದು ಬರುವ ಮಗು. ನಾನು ಮುಖಕ್ಕೆ ನೀರು ಚಿಮುಕಿಸುವಾಗಲೇ ಹಿಂದಿನ ಸಾಲಿನ ಹುಡುಗರು "ಸುಲೋಚನ ಬಂದಳು" ಎಂದು ಕೂಗಿದರು. ಆ ಹೆಸರು ಅವಳಿಗೆ ವರ್ಷವಿಡೀ ಅಂಟಿಕೊಂಡಿತು. ಒಂದು ವಾರ ಶಾಲೆಗೇ ಬರಲಿಲ್ಲ. ಕೊನೆಗೆ ನಾನೇ ಅವಳ ಮನೆಗೆ ಹೋಗಿ ಕರೆತರಬೇಕಾಯಿತು.

ಇನ್ನು ಕಡಲಿನ ವಿಷಯ. ಸೋಮೇಶ್ವರದಲ್ಲಿ ನಿಜವಾಗಿ ಹೆದರಬೇಕಾದದ್ದು ಬೇರೆಯೇ ಇದೆ. ದೊಡ್ಡಮ್ಮನ ತೆಂಗಿನ ಮರಗಳು ಒಂದೊಂದೇ ನೀರಿಗೆ ಬಿದ್ದವು, ಆಮೇಲೆ ಬಾವಿ ಉಪ್ಪಾಯಿತು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಸೋಮೇಶ್ವರ, ಉಚ್ಚಿಲದ ದಡದ ಮನೆಯವರು ಪಾತ್ರೆ ಪಗಡೆ ಕಟ್ಟಿಕೊಂಡು ಓಡಿದರು. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ತಡೆಗೋಡೆಗಳಾದವು. ಒಂದು ಕಡೆ ಕಲ್ಲು ಹಾಕಿದರೆ ಕೊರೆತ ಪಕ್ಕದ ದಡಕ್ಕೆ ಸರಿಯುತ್ತದೆ ಎಂದು ಅಲ್ಲಿಯ ಮೀನುಗಾರ ಹೆಂಗಸರು ನನಗೆ ಹೇಳಿದರು. ನಾವು ಘಟ್ಟದ ಬುಡದವರು ಇದು ಕಡಲಿನವರ ಪಾಡು ಎಂದು ಕೂರುವಂತಿಲ್ಲ. ಸುಬ್ರಹ್ಮಣ್ಯದಿಂದ ಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಉಳ್ಳಾಲದ ಹತ್ತಿರವೇ ಕಡಲು ಸೇರುವುದು. ದಡ ಕಟ್ಟುವ ಹೊಯಿಗೆಯೂ ಹೊಳೆಯೇ ಹೊತ್ತು ತರಬೇಕು. ಅದನ್ನು ನಾವು ಇಲ್ಲಿಯೇ ಲಾರಿಗೆ ತುಂಬಿಸಿ ಮನೆ ಕಟ್ಟಿಸಿಕೊಂಡರೆ ಅಲ್ಲಿಗೆ ಹೋಗುವುದೇನು?

ಮುಂದಿನ ಪ್ರೇತದ ಸಿನಿಮಾ ತೆಗೆಯುವವರು ಆಟಿ ತಿಂಗಳಿನ ಒಂದು ರಾತ್ರಿ ಉಚ್ಚಿಲದ ದಡದ ಯಾವುದಾದರೂ ಮನೆಯಲ್ಲಿ, ಮಕ್ಕಳನ್ನು ಮಲಗಿಸಿ ತಾನು ಮಲಗದೆ ಕೂತ ತಾಯಿಯ ಪಕ್ಕದಲ್ಲಿ ಕ್ಯಾಮರಾ ಇಡಲಿ. ಬಿಳಿ ಸೀರೆಯ ಖರ್ಚೂ ಉಳಿಯುತ್ತದೆ.