ಹಿತ್ತಿಲಿನ ಕುಂಬಳಕ್ಕೆ ಬೀಜವನ್ನು ಆರಿಸುವವರು ಯಾರು?

ಮುಂಗಾರಿನ ಮೊದಲ ಹದ ಬಿದ್ದೊಡನೆ ಹಿತ್ತಿಲಿನ ಮೂಲೆಯಲ್ಲಿ ಗುಣಿ ತೋಡಿ, ಕೊಟ್ಟಿಗೆಯ ಗೊಬ್ಬರವನ್ನು ತುಂಬಿ, ಅಟ್ಟದ ಮೇಲಿನ ಡಬ್ಬಿಯಿಂದ ನಾಲ್ಕು ಕುಂಬಳದ ಬೀಜಗಳನ್ನು ತೆಗೆದು ಊರುವ ಪದ್ಧತಿಯು ನಮ್ಮ ಮನೆಗಳಲ್ಲಿ ಇನ್ನೂ ಪೂರ್ತಿಯಾಗಿ ನಿಂತಿಲ್ಲವಾದರೂ, ಆ ಬೀಜವು ಅಟ್ಟದಿಂದ ಇಳಿದುಬರುವುದಕ್ಕೆ ಬದಲಾಗಿ ಅಂಗಡಿಯ ಬಣ್ಣದ ಪೊಟ್ಟಣದಿಂದ ಬರುವುದು ಈಗ ವಾಡಿಕೆಯಾಗಿದೆ. ಪೊಟ್ಟಣದ ಬೀಜವೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಬೀಜವನ್ನು ಆರಿಸುವ ಅಧಿಕಾರವನ್ನೂ ಆ ಅಧಿಕಾರಕ್ಕೆ ಅವಶ್ಯವಾದ ತಿಳಿವಳಿಕೆಯನ್ನೂ ಗೃಹಸ್ಥರು ಒಟ್ಟಿಗೇ ಕೈಬಿಡುತ್ತಿರುವುದು ಅಲ್ಪವಾದ ನಷ್ಟವಲ್ಲ.

ನಾವು ಹುಳಿಗೂ ಪಲ್ಯಕ್ಕೂ ಗಾರಿಗೆಗೂ ಬಳಸುವ ಸಿಹಿಗುಂಬಳ, ಎಂದರೆ ಕರಾವಳಿ ಮಲೆನಾಡುಗಳವರ ಚೀನಿಕಾಯಿ, ಬೂದುಗುಂಬಳದಂತೆ ಏಷ್ಯಾ ಖಂಡದ್ದಲ್ಲ. ಅದರ ಕುಲವು ಅಮೆರಿಕದ್ದು. ಮೆಕ್ಸಿಕೋ ದೇಶದ ಓಹಾಕ ಪ್ರಾಂತದ ಗಿಲಾ ನಕೀಟ್ಸ್ ಎಂಬ ಗುಹೆಯಲ್ಲಿ ದೊರೆತ, ಮನುಷ್ಯರು ಬೆಳೆಸಿದ ಕುಂಬಳದ ಬೀಜಗಳು ಸುಮಾರು 10,000 ವರ್ಷಗಳಷ್ಟು ಹಳೆಯವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಈ ಕುಲದ ಕಾಡುಬಳ್ಳಿಗಳ ತಿರುಳು ಬಾಯಿಗಿಡಲಾಗದಷ್ಟು ಕಹಿ. ಆ ಕಹಿಯನ್ನು ತಲೆಮಾರಿನಿಂದ ತಲೆಮಾರಿಗೆ ಕಳೆಯುತ್ತ, ತಿರುಳನ್ನು ದಪ್ಪಗೊಳಿಸುತ್ತ ಬಂದದ್ದು ಮನುಷ್ಯನ ಆಯ್ಕೆಯೇ. 1492ರ ಕೊಲಂಬಸನ ಯಾನದ ತರುವಾಯ ಹಡಗುಗಳನ್ನೇರಿ ಪೂರ್ವದೇಶಗಳಿಗೆ ಬಂದ ಬಳ್ಳಿಯು, ಕೆಲವೇ ಶತಮಾನಗಳಲ್ಲಿ ನಮ್ಮ ಮಣ್ಣಿಗೂ ಮಳೆಗೂ ಒಗ್ಗಿ, ಒಂದೂರಿನಲ್ಲಿ ಚಪ್ಪಟೆಯಾಗಿ, ಮತ್ತೊಂದೂರಿನಲ್ಲಿ ಉದ್ದವಾಗಿ, ಇನ್ನೊಂದೂರಿನಲ್ಲಿ ಹತ್ತು ಜನರ ಊಟಕ್ಕೆ ಸಾಲುವಷ್ಟು ಗಾತ್ರದ್ದಾಗಿ ನಾನಾ ರೂಪಗಳನ್ನು ತಾಳಿತು. ಇದನ್ನು ನಡೆಸಿದವರು ಯಾರೆಂದರೆ, ರುಚಿಯಾದ ಕಾಯನ್ನು ಹೆಚ್ಚುವಾಗ ಅದರ ಬೀಜವನ್ನು ಬೇರೆಯಿರಿಸಿ, ತೊಳೆದು, ಬೂದಿ ಸವರಿ, ನೆರಳಿನಲ್ಲಿ ಒಣಗಿಸಿಟ್ಟ ನಮ್ಮ ಮನೆಗಳ ಹೆಂಗಸರು. ಅವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಇಲ್ಲ.

ಹಾಗಾದರೆ ಇಂದಿನ ಗೃಹಸ್ಥರು ಆರಿಸುವುದು ಹೇಗೆ? ಮೊದಲು ನೋಡತಕ್ಕದ್ದು ತೊಟ್ಟನ್ನು. ತೊಟ್ಟು ಗಟ್ಟಿಯಾಗಿ, ಐದು ಏಣುಗಳುಳ್ಳದ್ದಾಗಿ, ಕಾಯನ್ನು ಸೇರುವೆಡೆಯಲ್ಲಿ ಅಗಲವಾಗಿ ಹರಡಿಕೊಂಡಿದ್ದರೆ ಅದು ಸಸ್ಯಶಾಸ್ತ್ರಜ್ಞರು ಕುಕುರ್ಬಿಟ ಮಾಸ್ಕೇಟ ಎನ್ನುವ ಜಾತಿಗೆ ಸೇರಿದ್ದು. ದುಂಡಗೆ, ದಪ್ಪಗೆ, ಬೆಂಡುಬೆಂಡಾಗಿದ್ದರೆ ಕುಕುರ್ಬಿಟ ಮ್ಯಾಕ್ಸಿಮ. ನಗರದ ತರಕಾರಿ ಅಂಗಡಿಗಳಲ್ಲಿ ಈಚೆಗೆ ಕಾಣುವ ಜುಕಿನಿಯು ಪೆಪೊ ಎಂಬ ಮೂರನೆಯ ಜಾತಿಯದು. ಸೆಖೆಯನ್ನೂ ತೇವವನ್ನೂ ಒಂದೇ ಸಮನಾಗಿ ಸಹಿಸಿಕೊಂಡು, ಬಲಿತ ಮೇಲೆ ತಿಂಗಳುಗಟ್ಟಲೆ ಕೆಡದೆ ಉಳಿಯುವ ಗುಣವು ಮಾಸ್ಕೇಟಕ್ಕೆ ಹೆಚ್ಚಾಗಿರುವುದರಿಂದ, ನಮ್ಮ ಹಿತ್ತಿಲುಗಳಿಗೆ ಅದೇ ಯೋಗ್ಯವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಜುಕಿನಿಯನ್ನು ತಂಪು ಹವೆಯಲ್ಲಿ ಬೆಳೆದು ಎಳೆಯದಿರುವಾಗಲೇ ತಿನ್ನಬಹುದು. ಆದರೆ ಮಳೆಗಾಲದ ಹಿತ್ತಿಲು ಅದಕ್ಕೆ ಹಿತವಲ್ಲ.

ಗಾತ್ರದ ವಿಷಯವನ್ನೂ ಆಲೋಚಿಸಬೇಕು. ಅವಿಭಕ್ತ ಕುಟುಂಬದ ಕಾಲದ ದೊಡ್ಡ ಕುಂಬಳವು ಮೂವರಿರುವ ಮನೆಯಲ್ಲಿ ಹೆಚ್ಚಿದ ಮೇಲೆ ಅರ್ಧ ಕೊಳೆತುಹೋಗುತ್ತದೆಂಬ ಆಕ್ಷೇಪವು ನ್ಯಾಯವಾದುದೇ. ಇದಕ್ಕೆ ಪರಿಹಾರ ನಮ್ಮಲ್ಲಿಯೇ ಉಂಟು. ಬೆಂಗಳೂರಿನ ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಅರ್ಕಾ ಚಂದನ್ ತಳಿಯ ಕಾಯಿ ಎರಡು ಮೂರು ಕಿಲೋಗ್ರಾಮಿನದು. ಅರ್ಕಾ ಸೂರ್ಯಮುಖಿಯ ಕಾಯಿ ಸುಮಾರು ಒಂದೇ ಕಿಲೋಗ್ರಾಮಿನದಾಗಿದ್ದು, ಹಣ್ಣುನೊಣದ ಕಾಟವನ್ನು ತಡೆಯುವ ಶಕ್ತಿಯನ್ನೂ ಪಡೆದಿದೆ. ಇವೆರಡೂ ಸಂಕರ ತಳಿಗಳಲ್ಲ. ಆದಕಾರಣ ಇವುಗಳ ಬೀಜವನ್ನು ಒಮ್ಮೆ ತಂದವರು ಜಾಗರೂಕತೆಯಿಂದ ಕಾಪಾಡಿಕೊಂಡರೆ ಮರಳಿ ಕೊಳ್ಳಬೇಕಾಗಿಲ್ಲ. ಸಂಕರ ತಳಿಯಾದರೋ ಮೊದಲ ವರ್ಷ ಸೊಗಸಾಗಿ ಫಲಿಸಿ, ಅದರ ಬೀಜವನ್ನೇ ಮರುವರ್ಷ ಊರಿದಾಗ ಬಳ್ಳಿಗೊಂದು ಬಗೆಯ ಕಾಯನ್ನು ಕೊಡುತ್ತದೆ.

ಜಾಗರೂಕತೆಯೆಂದೆನಷ್ಟೆ, ಅದು ಏನೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಕುಂಬಳದ ಬಳ್ಳಿಯಲ್ಲಿ ಗಂಡುಹೂ ಹೆಣ್ಣುಹೂಗಳು ಬೇರೆ ಬೇರೆ. ನೀಳವಾದ ತೊಟ್ಟಿನ ಗಂಡುಹೂಗಳು ಮೊದಲು ಬಂದು ಉದುರುವುದನ್ನು ಕಂಡು ಬಳ್ಳಿ ಗೊಡ್ಡೆಂದು ಕಿತ್ತೆಸೆಯುವವರುಂಟು. ಕೆಲವು ದಿನ ತಾಳಿದರೆ ದಳಗಳ ಕೆಳಗೆ ಪುಟ್ಟ ಕಾಯನ್ನು ಹೊತ್ತ ಹೆಣ್ಣುಹೂ ತಾನಾಗಿ ಬರುತ್ತದೆ. ನೆರೆಯವರ ಬಳ್ಳಿಯಿಂದ ಜೇನುನೊಣವು ಪರಾಗವನ್ನು ತಂದರೆ ಈ ವರ್ಷದ ಕಾಯಿಯ ರುಚಿ ಕೆಡದಿದ್ದರೂ ಅದರೊಳಗಿನ ಬೀಜದ ಕುಲವು ಬೆರಕೆಯಾಗುತ್ತದೆ. ಇದನ್ನು ತಡೆಯಲು, ಮರುದಿನ ಅರಳಲಿರುವ, ತುದಿಯಲ್ಲಿ ಹಳದಿ ಬಣ್ಣ ತಿರುಗಿದ ಒಂದು ಹೆಣ್ಣುಮೊಗ್ಗನ್ನೂ ಎರಡು ಗಂಡುಮೊಗ್ಗುಗಳನ್ನೂ ಸಂಜೆಯಲ್ಲಿಯೇ ಗುರುತಿಸಿ, ಬಾಳೆಯ ನಾರಿನಿಂದ ದಳಗಳ ತುದಿಯನ್ನು ಮೆಲ್ಲಗೆ ಕಟ್ಟಬೇಕು. ಬೆಳಗ್ಗೆ ಬಿಸಿಲೇರುವ ಮುನ್ನ ಗಂಡುಹೂವನ್ನು ಚಿವುಟಿ, ಅದರ ದಳಗಳನ್ನು ಸುಲಿದುಹಾಕಿ, ಹೆಣ್ಣುಹೂವಿನ ಕಟ್ಟನ್ನು ಬಿಚ್ಚಿ, ಪರಾಗದ ಕಡ್ಡಿಯನ್ನು ಅದರ ನಡುವಣ ಅಂಟುಳ್ಳ ಗಂಟುಗಳಿಗೆ ಸುತ್ತಲೂ ಸವರಿ, ಮತ್ತೆ ಕಟ್ಟಿಬಿಟ್ಟರೆ ಕೆಲಸವು ಮುಗಿಯಿತು. ತೊಟ್ಟಿಗೆ ಬಣ್ಣದ ದಾರವೊಂದನ್ನು ಸಡಿಲವಾಗಿ ಸುತ್ತಿಟ್ಟರೆ ಬೀಜದ ಕಾಯಿ ಯಾವುದೆಂದು ಮನೆಯವರೆಲ್ಲರಿಗೂ ತಿಳಿಯುತ್ತದೆ. ಆ ಕಾಯನ್ನು ಉಗುರು ನಾಟದಷ್ಟು ಬಲಿಯುವವರೆಗೆ ಬಳ್ಳಿಯಲ್ಲಿಯೇ ಬಿಟ್ಟು, ತೊಟ್ಟಿನೊಡನೆ ಕೊಯ್ದು, ಮತ್ತೆ ಕೆಲವು ವಾರ ಗಾಳಿಯಾಡುವ ಕಡೆ ಇರಿಸಿ ಒಡೆದರೆ ಬೀಜವು ತುಂಬಿಕೊಂಡಿರುತ್ತದೆ.

ಬೀಜವನ್ನು ಉಳಿಸುವವರು ಮರೆಯಬಾರದ ಎಚ್ಚರಿಕೆಯೊಂದುಂಟು. ಹೆಚ್ಚಿದ ಕುಂಬಳವಾಗಲಿ ಸೋರೆಯಾಗಲಿ ನಾಲಗೆಗೆ ಕಹಿಯೆನಿಸಿದರೆ ಅದನ್ನು ಉಗುಳಿ, ಕಾಯನ್ನೂ ಬೀಜವನ್ನೂ ಎಸೆಯತಕ್ಕದ್ದು. ಆ ಕಹಿಯು ಕಾಡುಬಳ್ಳಿಗಳ ವಿಷವೇ ಮರುಕಳಿಸಿದ್ದು; ಬೇಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಕಹಿಸೋರೆಯ ರಸವನ್ನು ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ.

ಬೀಜವನ್ನು ಕಾಯ್ದಿಡುವ, ಬಿತ್ತುವ, ಒಬ್ಬರಿಗೊಬ್ಬರು ಕೊಟ್ಟು ಕೊಳ್ಳುವ ರೈತನ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ಸ್ಪಷ್ಟವಾಗಿ ಮಾನ್ಯಮಾಡಿದೆ. ಹಕ್ಕು ಕಾಗದದಲ್ಲಿದ್ದು, ಕೊಡಲು ಬೀಜವೇ ಇಲ್ಲದಿದ್ದರೆ ಪ್ರಯೋಜನವೇನು? ಪ್ರತಿವರ್ಷ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಜನರು ಸಾಗರೋಪಾದಿಯಲ್ಲಿ ಬರುತ್ತಾರೆ. ಜಿಲ್ಲಾಕೇಂದ್ರಗಳಲ್ಲಿಯೂ ಅಂತಹ ಪ್ರದರ್ಶನಗಳು ಜರುಗುತ್ತವೆ. ಹೂವಿನ ಮಂಟಪಗಳಿಗೆ ವ್ಯಯಿಸುವ ಶ್ರಮದಲ್ಲಿ ಅಲ್ಪಭಾಗವನ್ನು ಮೀಸಲಿಟ್ಟು, ಮನೆಯ ಬೀಜವನ್ನು ತಂದವರು ಅದನ್ನು ಕೊಟ್ಟು ಬೇರೊಂದು ಊರಿನ ಬೀಜವನ್ನು ಒಯ್ಯುವುದಕ್ಕೆ ಒಂದು ಮಳಿಗೆಯನ್ನು ತೋಟಗಾರಿಕೆ ಇಲಾಖೆಯವರು ಏಕೆ ತೆರೆಯಬಾರದು? ಪೊಟ್ಟಣದ ಮೇಲೆ ಊರಿನ ಹೆಸರು, ಬಿತ್ತಿದ ತಿಂಗಳು, ಕಾಯಿಯ ಆಕಾರ ಮತ್ತು ತೂಕ, ಅದು ಹುಳಿಗೆ ಲೇಸೋ ಗಾರಿಗೆಗೆ ಲೇಸೋ ಎಂಬ ನಾಲ್ಕು ಮಾತುಗಳಿದ್ದರೆ ಸಾಕು. ಜನವರಿಯಲ್ಲಿ ಒಯ್ದವರು ಬೇಸಗೆಯ ಬೆಳೆಗೆ ಕೂಡಲೇ ಊರಬಹುದು. ಆಗಸ್ಟಿನಲ್ಲಿ ಒಯ್ದವರು ತೇವ ತಾಗದಂತೆ ಮುಚ್ಚಿಟ್ಟುಕೊಂಡರೆ ಮುಂದಿನ ಮುಂಗಾರಿಗೂ ಅದು ಚೆನ್ನಾಗಿ ಮೊಳೆಯುತ್ತದೆ.