ಹಳೇ ಹಾಯಿದೋಣಿ ಮಾರಾಟಕ್ಕಿದೆ, ಸುಳ್ಳು ಸೇರಿಲ್ಲ

ನನ್ನ ದೋಣಿ ಮಾರಾಟಕ್ಕಿಟ್ಟು ತಿಂಗಳಾಯಿತು. ಇನ್ನೂ ಹೋಗಿಲ್ಲ. ಯಾಕೆ ಹೋಗಿಲ್ಲ ಅಂತ ನನಗೂ ಗೊತ್ತು, ಗೆಳೆಯರಿಗೂ ಗೊತ್ತು. ಜಾಹೀರಾತಿನ ಶುರುವಿನಲ್ಲೇ ಅದರ ದೋಷಗಳನ್ನೆಲ್ಲ ಪಟ್ಟಿ ಮಾಡಿದ್ದೇನೆ.

"ನಿಂಗೇನು ತಲೆ ಕೆಟ್ಟಿದೆಯೇನೋ? ಕಾರು ಮಾರೋವಾಗ ಯಾರಾದ್ರೂ ಮೊದಲು ಡೆಂಟ್ ತೋರಿಸ್ತಾರಾ?" ಅಂತ ಇಲ್ಲಿನ ಕನ್ನಡ ಸಂಘದ ಗೆಳೆಯನೊಬ್ಬ ಬೈದ. ಅವನಿಗೆ ಅಂದು ಸರಿಯಾದ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ದೋಣಿಯ ಪರಿಚಯ. ನಾನಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಚೆಸಪೀಕ್ ಕೊಲ್ಲಿಯ ದಡದಲ್ಲಿ. ದೋಣಿಯ ಹೆಸರು ಆಲ್ಬರ್ಗ್ 30. ಕಾರ್ಲ್ ಆಲ್ಬರ್ಗ್ ಎಂಬಾತ ನಕ್ಷೆ ಬರೆದದ್ದು, ಕೆನಡಾದ ಒಂಟಾರಿಯೋದಲ್ಲಿ 1962ರಿಂದ ಕಟ್ಟಿದ್ದು. ಇಂಥವು ಒಟ್ಟು 700ಕ್ಕೂ ಹೆಚ್ಚು ತಯಾರಾದವು. ನನ್ನದು 1967ರದ್ದು. ಉದ್ದ 30 ಅಡಿ ಚಿಲ್ಲರೆ, ಅಗಲ ಬರೀ 8 ಅಡಿ 9 ಇಂಚು. ಒಳಗೆ ಕೂತರೆ ನಮ್ಮ ಸ್ಲೀಪರ್ ಕೋಚಿನಲ್ಲಿ ಕೂತ ಹಾಗೆ. ಆದರೆ ತಳದಲ್ಲಿ ಉದ್ದಕ್ಕೂ ಕೀಲ್ ಇರುವುದರಿಂದ ಹಿಡಿದ ದಾರಿ ಬಿಡುವುದಿಲ್ಲ. ಹಾಯಿಗಳನ್ನು ಹದವಾಗಿ ಬಿಗಿದು, ಚುಕ್ಕಾಣಿಗೆ ಹಗ್ಗ ಕಟ್ಟಿ, ಒಬ್ಬನೇ ಇದ್ದರೂ ಕೆಳಗೆ ಹೋಗಿ ಚಹಾಕ್ಕೆ ನೀರಿಟ್ಟು ಬರಬಹುದು. ಒಂಟಿ ಪ್ರಯಾಣಿಕರು ಇಂಥ ಹಳೇ ದೋಣಿಗಳನ್ನು ಹುಡುಕಿಕೊಂಡು ಬರುವುದು ಅದಕ್ಕೇ.

ಹಳೆಯದು, ಚಿಕ್ಕದು ಅನ್ನುವುದು ದೋಷವೇ ಅಲ್ಲ. 1968-69ರಲ್ಲಿ ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ ಮೊದಲಿಗ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವನ 'ಸುಹೈಲಿ' 32 ಅಡಿಯದು, ನಮ್ಮ ಬೊಂಬಾಯಿಯಲ್ಲೇ ತೇಗದಲ್ಲಿ ಕಟ್ಟಿದ್ದು. ಆ ನೆನಪಿಗೆ 2018ರಲ್ಲಿ ಮತ್ತೆ ಶುರುವಾದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ 32ರಿಂದ 36 ಅಡಿಯ, 1988ಕ್ಕೂ ಮೊದಲು ವಿನ್ಯಾಸಗೊಂಡ ದೋಣಿಗಳಿಗೆ ಮಾತ್ರ ಪ್ರವೇಶ. ನಮ್ಮ ಅಭಿಲಾಷ್ ಟಾಮಿ 2022ರಲ್ಲಿ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಟ್ಟಿದ್ದು ಅಂಥದ್ದೊಂದರಲ್ಲೇ.

ಹಾಗಾದರೆ ದೋಷ ಯಾವುದು? ಮಾರುವವನ ಬಾಯಿ!

ಜಾಹೀರಾತುಗಳನ್ನು ಓದಿ ನೋಡಿ. "ಸಮುದ್ರಯಾನಕ್ಕೆ ಸಿದ್ಧ." "ಸ್ವಲ್ಪ ಪ್ರೀತಿ ತೋರಿಸಿದರೆ ಸಾಕು." "ಎಂಜಿನ್ ಕಳೆದ ಸಲ ಚಾಲೂ ಆಗಿತ್ತು." ಕಳೆದ ಸಲ ಅಂದರೆ ಯಾವ ಸಲ ಸ್ವಾಮಿ? ಇನ್ನೊಂದಿದೆ: "ಇದೇ ಮಾದರಿಯ ದೋಣಿ ಪ್ರಪಂಚ ಸುತ್ತಿದೆ." ನಿಜ, ಕ್ವಿಬೆಕ್‌ನ ಈವ್ ಜೆಲಿನಾ 1981-83ರಲ್ಲಿ ಆಲ್ಬರ್ಗ್ 30ರಲ್ಲೇ ಒಂಟಿಯಾಗಿ ಸುತ್ತಿದ. ಆದರೆ ದಾರಿಯಲ್ಲಿ, ಪೆಸಿಫಿಕ್‌ನಲ್ಲಿ, ಅವನ ದೋಣಿಯ ಕಂಬ ಮುರಿದು ಬಿತ್ತು ಅನ್ನುವುದನ್ನು ಯಾರೂ ಜಾಹೀರಾತಿನಲ್ಲಿ ಬರೆಯುವುದಿಲ್ಲ. ಅಷ್ಟಕ್ಕೂ ಪ್ರಪಂಚ ಸುತ್ತಿದ್ದು ಅವನ ದೋಣಿ, ನಿನ್ನದಲ್ಲ.

ನಾನೂ ಇಂಥ ಮಾತಿಗೆ ಮರುಳಾಗಿಯೇ ಕೊಂಡವನು, 2011ರಲ್ಲಿ. ಎರಡು ತಿಂಗಳ ನಂತರ, ಜುಲೈನ ಒಂದು ಮಧ್ಯಾಹ್ನ, ಥಾಮಸ್ ಪಾಯಿಂಟ್ ದೀಪಸ್ತಂಭದ ಹತ್ತಿರ ಒಬ್ಬನೇ ಇದ್ದೆ. ಪಶ್ಚಿಮದಿಂದ ಗುಡುಗು ಗಾಳಿ ಎದ್ದಿತು. ನೋಡುತ್ತಿದ್ದ ಹಾಗೇ ಕಂಬವನ್ನು ಎಳೆದು ನಿಲ್ಲಿಸುವ ತಂತಿಹಗ್ಗಗಳು ಸಡಿಲವಾಗಿ ಜೋಲಾಡತೊಡಗಿದವು. ಕಂಬ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿದೆ. ಹಾಯಿ ಇಳಿಸಲು ಮುಂದಕ್ಕೆ ಹೋದರೆ ಚುಕ್ಕಾಣಿ ಹಿಡಿಯುವವರಿಲ್ಲ, ಚುಕ್ಕಾಣಿ ಹಿಡಿದರೆ ಹಾಯಿ ಇಳಿಸುವವರಿಲ್ಲ. ಹೇಗೆ ದಡ ಸೇರಿದೆನೋ, ಕೈ ನಡುಕ ನಿಲ್ಲಲು ಮರುದಿನ ಬೇಕಾಯಿತು.

ಆಮೇಲೆ ಬಿಚ್ಚಿ ನೋಡಿದರೆ, ಕಂಬದ ಭಾರ ಹೊರುವ ಡೆಕ್ಕಿನ ಕೆಳಗಿನ ಮರದ ತೊಲೆ ಸೀಳಿತ್ತು. ಆಲ್ಬರ್ಗ್ 30ರಲ್ಲಿ ಇದು ಬಲ್ಲವರೆಲ್ಲ ಬಲ್ಲ ಕಾಯಿಲೆ. ತೊಲೆ ಕುಗ್ಗಿದರೆ ಕೆಳಗಿನ ಬಾಗಿಲು ಸಿಕ್ಕಿಕೊಳ್ಳುತ್ತದೆ. ನನಗೆ ಮಾರಿದವನು ಏನು ಮಾಡಿದ್ದ ಗೊತ್ತೇ? ಬಾಗಿಲಿನ ಮೇಲಂಚನ್ನು ಉಜ್ಜಿ ಸಣ್ಣ ಮಾಡಿ, ಬಣ್ಣ ಬಳಿದಿದ್ದ. ಅಂದರೆ ಅವನಿಗೆ ಗೊತ್ತಿತ್ತು!

ನಮ್ಮ ಕಡೆ ದನದ ಜಾತ್ರೆಯಲ್ಲಿ ಹಾಯುವ ಎತ್ತನ್ನು 'ಸಾಧು' ಅಂತ ದಾಟಿಸುವ ದಲ್ಲಾಳಿಗಳಿದ್ದರು. ಅಲ್ಲಾದರೂ ಸುತ್ತ ಹತ್ತು ಜನ ಇರುತ್ತಾರೆ, ಎಳೆದು ಬಿಡಿಸುತ್ತಾರೆ. ಕಾರು ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸಬಹುದು. ನೀರಿನ ಮೇಲೆ ಬದಿಯೇ ಇಲ್ಲ. ಒಂಟಿಯಾಗಿ ಹೋಗುವವನಿಗೆ ಮಾರುವಾಗ ಮುಚ್ಚಿಟ್ಟದ್ದು ವ್ಯಾಪಾರದ ಜಾಣತನವಲ್ಲ.

"ಅದಕ್ಕೇ ಸರ್ವೇಯರ್ ಇದ್ದಾನಲ್ಲ" ಅನ್ನುತ್ತೀರಿ. ಇದ್ದಾನೆ. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಡೆಕ್ಕನ್ನು ಸುತ್ತಿಗೆಯಿಂದ ತಟ್ಟುತ್ತಾನೆ, ಸದ್ದು ಮಂಕಾದರೆ ಒಳಗಿನ ತಿರುಳು ನೆನೆದಿದೆ ಅನ್ನುತ್ತಾನೆ. ಆದರೆ ಬೇರೆಯವರ ದೋಣಿಗೆ ತೂತು ಕೊರೆದು, ಹಲಗೆ ಕಿತ್ತು ನೋಡುವ ಹಕ್ಕು ಅವನಿಗಿಲ್ಲ. ಕಿತ್ತು ನೋಡಿದವನು ಮಾಲೀಕ. ಹೇಳಬೇಕಾದವನೂ ಅವನೇ.

ಇನ್ನು ಬೆಲೆ. ರಸೀದಿಗಳನ್ನೆಲ್ಲ ಕೂಡಿಸಿ "ಇಷ್ಟು ಸುರಿದಿದ್ದೇನೆ, ಇಷ್ಟು ಬರಬೇಕು" ಅನ್ನುವವರದ್ದು ಎರಡನೇ ಸುಳ್ಳು. ನಾನು ಸುರಿದದ್ದು ನನ್ನ ಖುಷಿಗೆ. ಅದರ ಬಾಬ್ತು ಸಾವಿರ ಸಂಜೆಗಳಲ್ಲಿ ವಸೂಲಾಗಿದೆ. ಹಟ ಹಿಡಿದು ಕೂತವರ ದೋಣಿಗಳು ಕಟ್ಟಿದಲ್ಲೇ ಪಾಚಿ ಹಿಡಿಯುತ್ತವೆ, ತಿಂಗಳ ಬಾಡಿಗೆ ಮಾತ್ರ ಏರುತ್ತದೆ. ಫೈಬರ್‌ಗ್ಲಾಸ್ ಮಣ್ಣಾಗುವುದೂ ಇಲ್ಲ. ಕೊನೆಗೆ ಒಡೆಸಿ ಕಸಕ್ಕೆ ಹಾಕಲೂ ದುಡ್ಡು ತೆರಬೇಕು. ಕಡಿಮೆಗೆ ಕೊಟ್ಟರೆ ದೋಣಿಯಾದರೂ ಬದುಕುತ್ತದೆ.

ಹಾಗಾಗಿ ನನ್ನ ಪಟ್ಟಿ ಹೀಗಿದೆ: ತೊಲೆ ಬದಲಿಸಿದ್ದೇನೆ, ಫೋಟೋಗಳಿವೆ. ಎಡಗಡೆ ಡೆಕ್ ಒಂದು ಮೊಳದಷ್ಟು ಮೆತ್ತಗಿದೆ. ತಂತಿಹಗ್ಗಗಳಿಗೆ 14 ವರ್ಷ, ಬದಲಿಸದೆ ಕೊಲ್ಲಿ ದಾಟಿ ಹೊರಗೆ ಹೋಗಬೇಡಿ. ಎಂಜಿನ್ ಪೆಟ್ರೋಲಿನ ಅಟಾಮಿಕ್ 4. ತಳದಲ್ಲಿ ಆವಿ ತುಂಬಿದ್ದರೆ ಒಂದು ಕಿಡಿ ಸಾಕು, ಬ್ಲೋವರ್ ಓಡಿಸದೆ ಕೀಲಿ ತಿರುಗಿಸಬೇಡಿ.

ಕಳೆದ ಶನಿವಾರ ಒಬ್ಬ ಹುಡುಗಿ ಬಂದಿದ್ದಳು. ಒಬ್ಬಳೇ ಬರ್ಮುಡಾಕ್ಕೆ ಹೋಗುವ ಆಸೆಯಂತೆ. ಪಟ್ಟಿ ಓದಿದಳು, ತಾನೇ ಡೆಕ್ ತಟ್ಟಿ ನೋಡಿದಳು, ತಂತಿಹಗ್ಗದ ಖರ್ಚು ಲೆಕ್ಕ ಹಾಕಿ ಮುಖ ಸಪ್ಪಗೆ ಮಾಡಿಕೊಂಡು ಹೊರಟಳು. ಮತ್ತೆ ಬರುತ್ತಾಳೋ ಇಲ್ಲವೋ. ಆದರೆ ಹೋಗುವ ಮೊದಲು ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿದಳು.

ಗೆಳೆಯ ಇನ್ನೂ ನನ್ನನ್ನು ದಡ್ಡ ಅನ್ನುತ್ತಾನೆ. ನೀವೇನಂತೀರಿ?